ಮುಹೂರ್ತಕ್ಕೆ ಮೊದಲು ವೀಸಾ

ಕೋಲ್ಕತ್ತಾದ ಸದರ್ನ್ ಅವೆನ್ಯೂಗೆ ಸರ್ಕಾರಿ ಕಡತದಲ್ಲಿ ಡಾ. ಮೇಘನಾದ ಸಾಹಾ ಸರಣಿ ಎಂದು ಹೆಸರು. ಗೋಲ್‌ಪಾರ್ಕಿನಿಂದ ಹೊರಟು, ಮರಗಳ ನೆರಳಿನಲ್ಲೇ ರವೀಂದ್ರ ಸರೋಬರದ ಅಂಚು ಹಿಡಿದು ಸಾಗುವ ಅಗಲ ರಸ್ತೆ ಅದು. ಅಲ್ಲಿಂದ ಹತ್ತಿರವೇ ಲೇಕ್ ಮಾರ್ಕೆಟ್. ದಕ್ಷಿಣದವರು ತಲೆಮಾರುಗಳಿಂದ ನೆಲೆಸಿರುವ ಕಡೆ. ಬಾಳೆಎಲೆ, ಮಲ್ಲಿಗೆ ದಂಡೆ, ಕಾಫಿಪುಡಿ ಯಾವುದಕ್ಕೂ ಊರಿಗೆ ಹೇಳಿ ಕಳಿಸಬೇಕಾಗಿಲ್ಲ. ಈ ಬೀದಿಯ ಒಂದು ಕನ್ನಡ ಮನೆಯಲ್ಲಿ ಮದುವೆ ನಿಶ್ಚಯವಾಗಿದೆ ಎಂದಿಟ್ಟುಕೊಳ್ಳಿ. ಹುಡುಗ ಇಲ್ಲೇ ಬೆಳೆದವನು, ಹುಡುಗಿ ಜರ್ಮನಿಯವಳು. ತಾಯಿ ಒಂಟಿಕೊಪ್ಪಲ್ ಪಂಚಾಂಗ ತೆರೆದು ಮಾಘದ ಮುಹೂರ್ತ ಹುಡುಕುತ್ತಿದ್ದಾರೆ. ಹುಡುಗಿ ತನ್ನೂರಿನಲ್ಲಿ ಕೂತು 30 ದಿನದ ಇ-ಟೂರಿಸ್ಟ್ ವೀಸಾ ಅರ್ಜಿ ತುಂಬುತ್ತಿದ್ದಾಳೆ. ಇಬ್ಬರದೂ ತಪ್ಪಲ್ಲ. ಆದರೆ ಈ ಎರಡು ಕೆಲಸ ಒಂದಕ್ಕೊಂದು ಕೂಡುವುದಿಲ್ಲ.

ಕೂಡದಿರುವುದಕ್ಕೆ ಕಾರಣ 1954ರ ವಿಶೇಷ ವಿವಾಹ ಕಾಯ್ದೆ. ಬೇರೆ ಬೇರೆ ಧರ್ಮದವರಿಗೆ ಭಾರತದಲ್ಲಿ ತೆರೆದಿರುವ ಮುಖ್ಯ ಬಾಗಿಲು ಅದು. ಇಬ್ಬರೂ ಸಹಿ ಹಾಕಿದ ನೋಟಿಸನ್ನು ವಿವಾಹಾಧಿಕಾರಿಗೆ ಕೊಡಬೇಕು. ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸವಿದ್ದಿರಬೇಕು. ಹುಡುಗ ಅಲ್ಲಿಯವನೇ ಆದ್ದರಿಂದ ಆ ತೊಡಕು ಇಲ್ಲ. ಅವನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದು ಮದುವೆಗಷ್ಟೇ ಊರಿಗೆ ಬರುವವನಾದರೆ ಅದೂ ತೊಡಕೇ. ನೋಟಿಸನ್ನು ಕಚೇರಿಯ ಬೋರ್ಡಿಗೆ ಅಂಟಿಸುತ್ತಾರೆ. ಆಕ್ಷೇಪಣೆಗೆ 30 ದಿನ. ಆಮೇಲೆ ಮೂವರು ಸಾಕ್ಷಿಗಳ ಎದುರು ಮದುವೆ. ನೋಟಿಸ್ ಕೊಟ್ಟ ಮೂರು ತಿಂಗಳೊಳಗೆ ಮದುವೆ ಆಗದಿದ್ದರೆ ಅದು ರದ್ದಾಗಿ ಮೊದಲಿನಿಂದ ಶುರು. ಈಗ ಲೆಕ್ಕ ಹಾಕಿ: ಬಂದಿಳಿದ ಮರುದಿನವೇ ನೋಟಿಸ್ ಕೊಟ್ಟರೂ ಆಕ್ಷೇಪಣೆಯ ಗಡುವು ಮುಗಿಯುವ ಹೊತ್ತಿಗೆ ಹುಡುಗಿಯ ವೀಸಾ ಮುಗಿದಿರುತ್ತದೆ. ಅದೇ ಇ-ಟೂರಿಸ್ಟ್ ವೀಸಾದಲ್ಲಿ ಒಂದು ವರ್ಷದ್ದೂ ಇದೆ, ಐದು ವರ್ಷದ್ದೂ ಇದೆ. ಅವುಗಳಲ್ಲಿ ಒಂದು ಬಾರಿಗೆ 90 ದಿನ ಇರಬಹುದು. ಅರ್ಜಿಯ ಒಂದೇ ಕಾಲಮಿನಲ್ಲಿ ಇನ್ನೊಂದು ಆಯ್ಕೆ ಒತ್ತಿದರೆ ಮದುವೆ ಉಳಿಯುತ್ತದೆ.

ಇಲ್ಲಿ ಮನೆಯ ಹಿರಿಯರೊಬ್ಬರು, ‘ಧಾರೆ ಎರೆದು ತಾಳಿ ಕಟ್ಟಿದರೆ ಆಯಿತಲ್ಲ, ರಿಜಿಸ್ಟ್ರಿ ಆಮೇಲೆ ನೋಡಿಕೊಳ್ಳೋಣ’ ಅನ್ನುತ್ತಾರೆ. ಇಬ್ಬರೂ ಹಿಂದೂಗಳಾಗಿದ್ದರೆ ಆ ಮಾತಿಗೆ ಬಲವಿದೆ. ಹುಡುಗಿ ಕ್ರೈಸ್ತಳಾಗಿದ್ದರೆ ಇಲ್ಲ. ಹಿಂದೂ ಮತ್ತು ಕ್ರೈಸ್ತರ ನಡುವೆ ಹಿಂದೂ ವಿವಾಹ ಕಾಯ್ದೆಯಡಿ ನಡೆದ ಮದುವೆ ಊರ್ಜಿತವಲ್ಲ ಎಂದು ಸುಪ್ರೀಂ ಕೋರ್ಟ್ 2008ರ ಡಿಸೆಂಬರ್‌ನಲ್ಲಿ ಗುಲ್ಲಿಪಿಲ್ಲಿ ಸೌರಿಯಾ ರಾಜ್ ಪ್ರಕರಣದಲ್ಲಿ ಹೇಳಿದೆ. ಚಪ್ಪರ, ವಾಲಗ, ಊಟ ಎಲ್ಲ ಆಗಿರುತ್ತದೆ. ಕಾನೂನಿನ ಕಣ್ಣಿಗೆ ಹುಡುಗಿ ಇನ್ನೂ ಪ್ರವಾಸಿಯೇ. ಬೇರೆ ವಿಧಿಯಲ್ಲಿ ಆದ ಮದುವೆಯನ್ನು ವಿಶೇಷ ವಿವಾಹ ಕಾಯ್ದೆಯ 15ನೇ ಕಲಮಿನಡಿ ನೋಂದಾಯಿಸಬಹುದು. ಅಲ್ಲಿಯೂ 30 ದಿನದ ಸಾರ್ವಜನಿಕ ನೋಟಿಸ್ ಕಾದಿರುತ್ತದೆ.

ನೋಂದಣಿಯ ಕಾಗದಕ್ಕೆ ಇಷ್ಟು ಬೆಲೆ ಯಾಕೆಂದರೆ, ಮುಂದಿನ ಬಾಗಿಲುಗಳೆಲ್ಲ ತೆರೆಯುವುದು ಅದರಿಂದಲೇ. ಸಾಮಾನ್ಯವಾಗಿ ಟೂರಿಸ್ಟ್ ವೀಸಾವನ್ನು ಬೇರೆ ವೀಸಾ ಆಗಿ ಬದಲಿಸಿಕೊಡುವುದಿಲ್ಲ. ಭಾರತೀಯ ಪ್ರಜೆಯನ್ನು ಮದುವೆಯಾದ ವಿದೇಶಿಯರಿಗೆ ಅದರಲ್ಲಿ ವಿನಾಯಿತಿ ಇದೆ: ವೀಸಾ ಚಾಲ್ತಿಯಲ್ಲಿರುವಾಗಲೇ ವಿವಾಹ ಪ್ರಮಾಣಪತ್ರ ಇಟ್ಟು ವಿದೇಶಿಯರ ಪ್ರಾದೇಶಿಕ ನೋಂದಣಿ ಕಚೇರಿಗೆ, ಅಂದರೆ ಎಫ್‌ಆರ್‌ಆರ್‌ಒಗೆ ಅರ್ಜಿ ಹಾಕಿದರೆ ಎಂಟ್ರಿ ವೀಸಾ, ಅಂದರೆ ಎಕ್ಸ್ ವೀಸಾಕ್ಕೆ ಬದಲಾಯಿಸಿಕೊಳ್ಳಬಹುದು. ಕೋಲ್ಕತ್ತಾದಲ್ಲಿ ಆ ಕಚೇರಿ ಇರುವುದು ಆಚಾರ್ಯ ಜಗದೀಶಚಂದ್ರ ಬೋಸ್ ರಸ್ತೆಯಲ್ಲಿ. ಅರ್ಜಿ ಮಾತ್ರ 2018ರಿಂದ ಆನ್‌ಲೈನ್. ಮದುವೆ ನೋಂದಣಿಯಾಗಿ ಎರಡು ವರ್ಷ ಬಾಳ್ವೆ ನಡೆದ ಮೇಲೆ ಸಾಗರೋತ್ತರ ಭಾರತೀಯ ನಾಗರಿಕರ ಒಸಿಐ ಕಾರ್ಡ್. ಏಳು ವರ್ಷ ಇಲ್ಲಿ ವಾಸವಿದ್ದರೆ ಪೌರತ್ವಕ್ಕೂ ಅರ್ಜಿ ಹಾಕಬಹುದು. ಎಕ್ಸ್ ವೀಸಾ ಇದ್ದ ಮಾತ್ರಕ್ಕೆ ಕೆಲಸ ಮಾಡುವ ಹಕ್ಕು ಬರುವುದಿಲ್ಲ ಎಂಬುದನ್ನು ಮದುವೆಗೆ ಮೊದಲೇ ಹುಡುಗಿಗೆ ಬಿಡಿಸಿ ಹೇಳಬೇಕು. ಬರ್ಲಿನ್‌ನಲ್ಲಿ ಸ್ವಂತ ಸಂಬಳದಲ್ಲಿ ಬದುಕಿದವಳು ಸದರ್ನ್ ಅವೆನ್ಯೂದ ಮನೆಯಲ್ಲಿ ಗಂಡನ ಕೈ ನೋಡುತ್ತ ಕೂರಬೇಕಾಗುವುದು ಸಣ್ಣ ಸಂಗತಿಯಲ್ಲ.

ಇದಕ್ಕೆ ತಿರುಗುಮುರುಗಾದ ಇನ್ನೊಂದು ತಪ್ಪು ನಮ್ಮ ಮನೆಗಳಲ್ಲಿ ಹೆಚ್ಚುತ್ತಿದೆ. ಅಮೆರಿಕದಲ್ಲಿರುವ ಹುಡುಗ ಒಂದು ವಾರದ ರಜೆಯಲ್ಲಿ ಬರುತ್ತಾನೆ. ವೀಸಾ ಬೇಗ ಸಿಗಲಿ ಎಂದು ಎರಡೂ ಕಡೆಯವರು ಸೇರಿ ಮೊದಲೇ ಮದುವೆ ನೋಂದಣಿ ಮಾಡಿಸುತ್ತಾರೆ. ಶಾಸ್ತ್ರೋಕ್ತ ಮದುವೆ ಆರು ತಿಂಗಳೋ ವರ್ಷವೋ ಬಿಟ್ಟು. ಕನ್ನಡದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಮತ್ತು ನ್ಯಾಯಮೂರ್ತಿ ಅಗಸ್ಟೀನ್ ಜಾರ್ಜ್ ಮಸೀಹ್ ಅವರ ಸುಪ್ರೀಂ ಕೋರ್ಟ್ ಪೀಠ 2024ರ ಏಪ್ರಿಲ್‌ನಲ್ಲಿ ಇಂಥದೇ ಒಂದು ಪ್ರಕರಣವನ್ನು ತೀರ್ಮಾನಿಸಿತು. ಗಂಡು ಹೆಣ್ಣು ಇಬ್ಬರೂ ವಿಮಾನ ಚಾಲಕರು. ಉತ್ತರ ಪ್ರದೇಶದಲ್ಲಿ ನೋಂದಣಿ ಆಗಿತ್ತು, ವಿಧಿಗಳು ನಡೆದಿರಲಿಲ್ಲ, ಅಷ್ಟರಲ್ಲಿ ಸಂಬಂಧ ಮುರಿದಿತ್ತು. ವಿಧಿಪೂರ್ವಕ ಮದುವೆ ನಡೆಯದೆ ಹಿಂದೂ ವಿವಾಹ ಕಾಯ್ದೆಯಡಿ ಪಡೆದ ಪ್ರಮಾಣಪತ್ರ ಮದುವೆಯನ್ನು ಸೃಷ್ಟಿಸುವುದಿಲ್ಲ ಎಂದ ಪೀಠ, ಅವರು ಗಂಡಹೆಂಡತಿಯೇ ಆಗಿರಲಿಲ್ಲ ಎಂದು ಘೋಷಿಸಿತು. ವಿದೇಶಿ ವೀಸಾದ ಆತುರಕ್ಕೆ ತಂದೆತಾಯಿ ಹೀಗೆ ಮುಂಚಿತ ನೋಂದಣಿ ಮಾಡಿಸುವುದನ್ನೂ ತೀರ್ಪು ಹೆಸರಿಸಿಯೇ ಟೀಕಿಸಿದೆ. ಮದುವೆ ಮುಂದೆ ನಡೆಯದೇ ಹೋದರೆ ಆ ಇಬ್ಬರ ಸ್ಥಾನಮಾನ ಏನು ಎಂದು ಅದು ಕೇಳಿತು. ಹೆಣ್ಣಿನ ಕಡೆಯವರು ಆ ಪ್ರಶ್ನೆಯನ್ನು ತಲೆಗೆ ಹಾಕಿಕೊಳ್ಳಬೇಕು. ಪಾಸ್‌ಪೋರ್ಟಿನಲ್ಲಿ ಗಂಡನ ಹೆಸರು ಸೇರಿಸಿ, ಕೆಲಸ ಬಿಟ್ಟು, ಟಿಕೆಟ್ಟಿಗಾಗಿ ಕಾಯುತ್ತ ಕೂರುವವಳು ಅವಳೇ ತಾನೆ.

ಅಮೆರಿಕದ ವೀಸಾಗಳಲ್ಲಿ ಈ ಮೊದಲು-ಆಮೇಲೆಗಳ ಪ್ರಶ್ನೆ ಇನ್ನೂ ಬಿಗಿ. ಅಲ್ಲಿಯ ಪೌರರು ಭಾವಿ ಪತಿ ಅಥವಾ ಪತ್ನಿಯನ್ನು ಕರೆಸಿಕೊಳ್ಳುವುದು ಕೆ-1 ವೀಸಾದಲ್ಲಿ. ಮದುವೆಯಾದವರನ್ನು ಕರೆಸಿಕೊಳ್ಳುವುದು ಸಿಆರ್-1 ಅಥವಾ ಐಆರ್-1ರಲ್ಲಿ. ಕೆ-1ಕ್ಕೆ ಇಬ್ಬರೂ ಕಳೆದ ಎರಡು ವರ್ಷದೊಳಗೆ ಮುಖಾಮುಖಿ ಭೇಟಿಯಾಗಿರಬೇಕು, ಅಮೆರಿಕ ತಲುಪಿದ 90 ದಿನದೊಳಗೆ ಅಲ್ಲೇ ಮದುವೆಯಾಗಬೇಕು. ಹಾಗಾಗಿ ಅರ್ಜಿ ಹಾಕುವಾಗ ಇಬ್ಬರೂ ಅವಿವಾಹಿತರೇ ಆಗಿರಬೇಕು. ಬೆಂಗಳೂರಿನ ಛತ್ರದಲ್ಲಿ ಅಜ್ಜಿಯ ಆಸೆಗೆಂದು ಧಾರೆ ಮುಗಿಸಿ, ನೋಂದಣಿ ಮಾಡಿಸದೆ, ಕೆ-1ಕ್ಕೆ ಹೋದರೆ ಸಂದರ್ಶನದ ಮೇಜಿನ ಮೇಲೆ ಬರುವುದು ಅದೇ ಧಾರೆಯ ಫೋಟೊ. ಕೊರಳಲ್ಲಿ ಮಾಂಗಲ್ಯ, ಹಿಂದೆ ಪುರೋಹಿತರು. ಇವರು ಈಗಾಗಲೇ ಮದುವೆಯಾದವರು ಎಂದು ಅಧಿಕಾರಿಗೆ ಅನಿಸಿದರೆ ಕೆ-1 ಅಲ್ಲಿಗೆ ನಿಂತಿತು. ಮನೆಯವರು ‘ಸುಮ್ಮನೆ ಒಂದು ಶಾಸ್ತ್ರ’ ಎಂದುಕೊಂಡದ್ದನ್ನು ಅಲ್ಲಿಯ ಅಧಿಕಾರಿ ಮದುವೆಯೆಂದೇ ಓದುತ್ತಾನೆ.

ಹಿರಿಯರ ಆಶೀರ್ವಾದದಲ್ಲಿ ಊರಲ್ಲೇ ಮದುವೆ ಆಗಬೇಕೆಂಬ ಮನೆಗೆ ಸರಿಯಾದ ದಾರಿ ಸಿಆರ್-1. ಕಾಯುವುದು ಹೆಚ್ಚಾದರೂ ಹೆಂಡತಿ ವಿಮಾನದಿಂದ ಇಳಿಯುವಾಗಲೇ ಖಾಯಂ ನಿವಾಸಿಯ ಹಕ್ಕಿನೊಂದಿಗೆ ಇಳಿಯುತ್ತಾಳೆ. ಕೆಲಸಕ್ಕೆ ಪ್ರತ್ಯೇಕ ಅನುಮತಿ ಬೇಡ. ಮದುವೆಗೆ ಎರಡು ವರ್ಷ ತುಂಬಿರದಿದ್ದರೆ ಮೊದಲ ಗ್ರೀನ್ ಕಾರ್ಡ್ ಎರಡು ವರ್ಷದ ಷರತ್ತಿನದು, ಆಮೇಲೆ ಇಬ್ಬರೂ ಸೇರಿ ಅರ್ಜಿ ಹಾಕಿ ಷರತ್ತು ತೆಗೆಸಬೇಕು. ಗಂಡ ಹಿಂಸೆ ಕೊಡುವವನಾದರೆ ಹೆಂಡತಿ ಒಬ್ಬಳೇ ಅರ್ಜಿ ಹಾಕಲು ಅವಕಾಶವಿದೆ. ಈ ಒಂದು ಮಾತನ್ನು ಬೀಳ್ಕೊಡುವ ಮುನ್ನ ಪ್ರತಿ ತಾಯಿ ಮಗಳಿಗೆ ಹೇಳಿ ಕಳಿಸಬೇಕು. ಕೋಲ್ಕತ್ತಾದ ಹೊ ಚಿ ಮಿನ್ ಸರಣಿಯಲ್ಲಿ ಅಮೆರಿಕನ್ ಕಾನ್ಸುಲೇಟ್ ಇದ್ದರೂ ಈ ವೀಸಾಗಳ ಸಂದರ್ಶನಕ್ಕೆ ಬೇರೆ ಊರಿಗೇ ಹೋಗಬೇಕು.

ಇನ್ನು ಪ್ರವಾಸಿ ವೀಸಾದಲ್ಲಿ ಹೋಗಿ ಅಲ್ಲೇ ಮದುವೆಯಾಗಿ ಉಳಿದುಬಿಡುವ ಸಲಹೆ ಕೊಡುವ ನೆಂಟರು ಎಲ್ಲ ಮನೆಯಲ್ಲೂ ಒಬ್ಬರಿರುತ್ತಾರೆ. ಆ ಸಲಹೆ ಅಪಾಯದ್ದು. ಬಂದ 90 ದಿನದೊಳಗೆ ಮದುವೆಯಾಗಿ ಬೀಡುಬಿಟ್ಟರೆ ವೀಸಾ ಪಡೆಯುವಾಗ ಸುಳ್ಳು ಹೇಳಿದ್ದಾರೆಂದು ಭಾವಿಸಲು ಅಮೆರಿಕದ ವಿದೇಶಾಂಗ ಇಲಾಖೆಯ ಕೈಪಿಡಿಯಲ್ಲೇ ಅವಕಾಶವಿದೆ; ಸುಳ್ಳು ಎಂದು ತೀರ್ಮಾನವಾದರೆ ಪ್ರವೇಶ ನಿಷೇಧಕ್ಕೆ ವರ್ಷಗಳ ಮಿತಿ ಇಲ್ಲ. ವೀಸಾ ನಿರಾಕರಣೆಯಾದ ಮೇಲೆ ಕೋರ್ಟು ಕಾಯುತ್ತದೆ ಎಂಬ ಭರವಸೆಯೂ ಈಗ ತೆಳು. ವಿದೇಶಿ ಸಂಗಾತಿಗೆ ಪ್ರವೇಶ ಕೊಡಲೇಬೇಕೆಂದು ಕೇಳುವ ಮೂಲಭೂತ ಹಕ್ಕು ಅಮೆರಿಕನ್ ಪೌರರಿಗೆ ಇಲ್ಲ ಎಂದು ಅಲ್ಲಿಯ ಸುಪ್ರೀಂ ಕೋರ್ಟ್ 2024ರ ಜೂನ್‌ನಲ್ಲಿ ಮುನ್ಯೋಜ್ ಪ್ರಕರಣದಲ್ಲಿ ಹೇಳಿಯಾಗಿದೆ. ಬಾಗಿಲು ಬಿಗಿಯಾಗಿರುವುದು ಅಮೆರಿಕದಲ್ಲಷ್ಟೇ ಅಲ್ಲ. ಬ್ರಿಟನ್ನಿನಲ್ಲಿ ಸಂಗಾತಿಯನ್ನು ಕರೆಸಿಕೊಳ್ಳಲು ಬೇಕಾದ ವಾರ್ಷಿಕ ಆದಾಯ 2024ರ ಏಪ್ರಿಲ್‌ನಲ್ಲಿ 18,600 ಪೌಂಡಿನಿಂದ 29,000ಕ್ಕೆ ಏರಿತು.

ಮತ್ತೆ ಸದರ್ನ್ ಅವೆನ್ಯೂಗೆ ಬರೋಣ. ಹುಡುಗಿ ಜರ್ಮನಿಯವಳಲ್ಲ, ಢಾಕಾದವಳು ಎಂದುಕೊಳ್ಳಿ. ಕೋಲ್ಕತ್ತಾದಲ್ಲಿ ಇದು ದೂರದ ಕಲ್ಪನೆಯಲ್ಲ. ಭಾಷೆ ಒಂದೇ, ಮೀನು ಒಂದೇ, ಗಡಿ ಕೆಲವೇ ಗಂಟೆಯ ದಾರಿ. ಆದರೆ ಇ-ಟೂರಿಸ್ಟ್ ವೀಸಾದ ಪಟ್ಟಿಯಲ್ಲಿ ಬಾಂಗ್ಲಾದೇಶ ಇಲ್ಲ. ಪಾಕಿಸ್ತಾನ ಮತ್ತು ಬಾಂಗ್ಲಾದೇಶದ ಪೌರರಾಗಿದ್ದವರಿಗೆ ಒಸಿಐ ಎಂದಿಗೂ ಸಿಗುವುದಿಲ್ಲ, ಮದುವೆಗೆ ಎಷ್ಟೇ ವರ್ಷವಾಗಿರಲಿ. ಅವರಿಗೆ ಇರುವುದು ದೀರ್ಘಾವಧಿ ವೀಸಾ, ಎಲ್‌ಟಿವಿ. ಭಾರತೀಯರನ್ನು ಮದುವೆಯಾಗಿ ಇಲ್ಲೇ ನೆಲೆಸಿದ ಆ ಎರಡು ದೇಶಗಳ ಮಹಿಳೆಯರಿಗೆ ಅದರಲ್ಲಿ ಪ್ರತ್ಯೇಕ ಅವಕಾಶವಿದೆ.

ಎಲ್‌ಟಿವಿಯ ಬೆಲೆ ಭಟ್ಕಳದವರಿಗೆ ಗೊತ್ತು. ಅಲ್ಲಿಯ ನವಾಯತ ಮುಸ್ಲಿಂ ಮನೆತನಗಳಿಗೆ ಕರಾಚಿಯ ನೆಂಟಸ್ತನ ದೇಶ ವಿಭಜನೆಯ ಕಾಲದಿಂದಲೂ ಇದೆ. 2025ರ ಏಪ್ರಿಲ್ 22ರ ಪಹಲ್ಗಾಮ್ ದಾಳಿಯ ಬೆನ್ನಿಗೇ ಕೇಂದ್ರ ಸರ್ಕಾರ ಪಾಕಿಸ್ತಾನಿಯರ ವೀಸಾಗಳನ್ನು ರದ್ದು ಮಾಡಿದಾಗ ಎಲ್‌ಟಿವಿ ಇದ್ದವರನ್ನು ಆ ಆದೇಶದಿಂದ ಹೊರಗಿಟ್ಟಿತು. ಬೇರೆ ವೀಸಾದಲ್ಲಿ ಬಂದವರು ಅಟ್ಟಾರಿ ಗಡಿಯ ದಾರಿ ಹಿಡಿದರು. ವೀಸಾದ ಹೆಸರೊಂದು ಬೇರೆ ಇದ್ದದ್ದಕ್ಕೆ ಒಬ್ಬಳು ಮಕ್ಕಳ ಜೊತೆ ಉಳಿದಳು, ಇನ್ನೊಬ್ಬಳು ಗಡಿಯಲ್ಲಿ ಕೈಬೀಸಿದಳು. ಅದೇ ಭಟ್ಕಳದಲ್ಲಿ 2021ರ ಜೂನ್‌ನಲ್ಲಿ ಪಾಕಿಸ್ತಾನದ ಮಹಿಳೆಯೊಬ್ಬರ ಬಂಧನವಾಯಿತು. ಪೊಲೀಸರ ಪ್ರಕಾರ ಆಕೆ ನೇಪಾಳದ ಮೂಲಕ ಅಕ್ರಮವಾಗಿ ಬಂದು ವರ್ಷಗಟ್ಟಲೆ ಗಂಡನ ಮನೆಯಲ್ಲಿದ್ದರು. 2023ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಹತ್ತೊಂಬತ್ತರ ಇನ್ನೊಬ್ಬಳು ಸಿಕ್ಕಳು. ಮೊಬೈಲಿನ ಲೂಡೊ ಆಟದಲ್ಲಿ ಪರಿಚಯವಾದ ಹುಡುಗನಿಗಾಗಿ ಅವಳೂ ನೇಪಾಳದ ಹಾದಿಯಲ್ಲೇ ಬಂದಿದ್ದಳು. ಮುಂದಿನ ತಿಂಗಳು ಅವಳನ್ನು ಗಡಿ ದಾಟಿಸಿ ಕಳಿಸಲಾಯಿತು. ಇವರ ಪ್ರೀತಿ ಸುಳ್ಳೆಂದು ಯಾರೂ ಹೇಳಬೇಕಾಗಿಲ್ಲ. ವೀಸಾ ಇಲ್ಲದೆ ಗಡಿ ದಾಟಿದವರ ಮದುವೆಯ ಮುಂದೆ ಎಫ್‌ಐಆರ್ ಬಂದು ನಿಲ್ಲುತ್ತದೆ.

ಸದರ್ನ್ ಅವೆನ್ಯೂದಿಂದ ನಡೆದೇ ಹೋಗಬಹುದಾದಷ್ಟು ಹತ್ತಿರ ದೇಶಪ್ರಿಯ ಪಾರ್ಕ್ ಇದೆ. ಕಲ್ಕತ್ತೆಯ ಮೇಯರ್ ಆಗಿದ್ದ ದೇಶಪ್ರಿಯ ಜತೀಂದ್ರ ಮೋಹನ್ ಸೇನಗುಪ್ತ ಅವರ ನೆನಪಿನದು. ಕೇಂಬ್ರಿಜ್‌ನಲ್ಲಿ ಓದುವಾಗ ಅಲ್ಲಿಯ ಹುಡುಗಿ ನೆಲ್ಲಿ ಗ್ರೇ ಅವರನ್ನು ಮೆಚ್ಚಿ 1909ರಲ್ಲಿ ಮದುವೆಯಾದರು. ನೆಲ್ಲಿ ಗಂಡನ ಜೊತೆ ಬಂಗಾಳಕ್ಕೆ ಬಂದರು, ಖಾದಿ ಮಾರಿದರು, ಜೈಲು ಕಂಡರು, 1933ರಲ್ಲಿ ಕಾಂಗ್ರೆಸ್ ಅಧ್ಯಕ್ಷೆಯಾದರು. ಅವರ ಮದುವೆಯ ಕಾಲಕ್ಕೆ ಇಬ್ಬರೂ ಬ್ರಿಟಿಷ್ ಪ್ರಜೆಗಳೇ. ವೀಸಾದ ಮಾತೇ ಬರಲಿಲ್ಲ. ವಿಭಜನೆಯಾದ ಮೇಲೆ ಗಂಡನ ಊರಾದ ಚಿತ್ತಗಾಂಗ್‌ನಲ್ಲೇ ಉಳಿದರು. ಚಿಕಿತ್ಸೆಗೆಂದು ಅವರು ಕೋಲ್ಕತ್ತಾಗೆ ಬಂದದ್ದು ಬಾಂಗ್ಲಾದೇಶ ಹುಟ್ಟಿದ ಮೇಲೆ, 1972ರಲ್ಲಿ. ಮರುವರ್ಷ ಇಲ್ಲೇ ತೀರಿಕೊಂಡರು. ಗಂಡ ಮೇಯರ್ ಆಗಿದ್ದ ಊರು ಅಷ್ಟರಲ್ಲಿ ಬೇರೆ ದೇಶದಲ್ಲಿತ್ತು.

ಅಂಥ ಗಡಿಗಳು ಈಗ ಇರುವವೇ. ಅವುಗಳ ನಡುವೆ ಮದುವೆಯಾಗುವವರಿಗೆ ಸರ್ಕಾರ ಮಾಡಬಹುದಾದದ್ದು ಬಹಳವಿದೆ. ಅಮೆರಿಕದ ಕೆ-1ರ ಹಾಗೆ ಭಾವಿ ವಧೂವರರಿಗೆಂದೇ ಒಂದು ವೀಸಾ ಭಾರತದಲ್ಲಿ ಇಲ್ಲ. ಮದುವೆಗೆ ಬರುವವಳು ‘ಪ್ರವಾಸಿ’ ಎಂದು ಬರೆದುಕೊಂಡೇ ಬರಬೇಕು. ನೋಟಿಸಿನ 30 ದಿನ, ಕಾಗದಪತ್ರದ ಓಡಾಟ ಎಲ್ಲ ಸೇರುವಂತೆ 120 ದಿನದ ಒಂದು ವೀಸಾ ಕೊಟ್ಟರೆ ದೇಶದ ಭದ್ರತೆಗೆ ಕುಂದೇನೂ ಇಲ್ಲ. ಬರುವವರು ಯಾಕೆ ಬರುತ್ತಿದ್ದಾರೆಂದು ಮೊದಲ ದಿನವೇ ತಿಳಿದಿರುತ್ತದೆ. ಕೋಲ್ಕತ್ತಾದ ಗಲ್ಲಿಗಳಲ್ಲಿ ಮ್ಯಾರೇಜ್ ರಿಜಿಸ್ಟ್ರಾರ್ ಬೋರ್ಡುಗಳು ಕಾಣಿಸುತ್ತವೆ. ಕರ್ನಾಟಕದಲ್ಲಿ ಈ ಕೆಲಸ ಸಬ್‌ ರಿಜಿಸ್ಟ್ರಾರ್ ಕಚೇರಿಯದು. ಎರಡೂ ಕಡೆ, ವಿದೇಶಿಯರನ್ನು ಮದುವೆಯಾಗುವವರಿಗೆ ಯಾವ ವೀಸಾದಲ್ಲಿ ಬರಬೇಕು, ಯಾವ ಕಾಗದ ತರಬೇಕು, ಆಮೇಲೆ ಎಫ್‌ಆರ್‌ಆರ್‌ಒಗೆ ಯಾವಾಗ ಹೋಗಬೇಕು ಎಂಬುದನ್ನು ಕನ್ನಡದಲ್ಲೂ ಬಂಗಾಳಿಯಲ್ಲೂ ಒಂದು ಪುಟದಲ್ಲಿ ಬರೆದು ನೋಟಿಸ್ ಬೋರ್ಡಿನ ಪಕ್ಕದಲ್ಲೇ ಅಂಟಿಸಬಹುದು. ಮದುವೆ ಮುರಿದರೆ ವಿದೇಶಿ ಸಂಗಾತಿಯ ಒಸಿಐ ರದ್ದುಪಡಿಸಲು ಪೌರತ್ವ ಕಾಯ್ದೆಯ 7ಡಿ ಕಲಮಿನಲ್ಲಿ ಅವಕಾಶವಿದೆ ಎಂಬ ಸಾಲೂ ಅದರಲ್ಲಿ ಇರಲಿ. ಇಲ್ಲಿ ಹೆತ್ತ ಮಕ್ಕಳನ್ನು ಬೆಳೆಸುತ್ತಿರುವ ತಾಯಿಗೆ ಆ ಕಲಮಿನಲ್ಲಿ ರಕ್ಷಣೆ ಬೇಕೆಂಬ ಒತ್ತಾಯವೂ ಇರಲಿ.

ಸದರ್ನ್ ಅವೆನ್ಯೂದ ಮನೆಯಲ್ಲಿ ಈಗ ಮೇಜಿನ ಮೇಲೆ ಪಂಚಾಂಗದ ಪಕ್ಕ ಗೋಡೆಯಿಂದ ಇಳಿಸಿದ ಇಂಗ್ಲಿಷ್ ಕ್ಯಾಲೆಂಡರ್ ಬಂದಿದೆ. ಹುಡುಗಿ 30 ದಿನದ ಅರ್ಜಿ ಬಿಟ್ಟು ಒಂದು ವರ್ಷದ ಇ-ವೀಸಾಕ್ಕೆ ಹಾಕುತ್ತಾಳೆ. ತನಗೆ ಮದುವೆಗೆ ಅಡ್ಡಿಯಿಲ್ಲವೆಂಬ ಪ್ರಮಾಣಪತ್ರ ಊರಿನಿಂದಲೇ ಮಾಡಿಸಿ ತರುತ್ತಾಳೆ. ಮುಂದೊಮ್ಮೆ ಜರ್ಮನಿಯಲ್ಲಿ ಸಂಸಾರ ಹೂಡುವ ಯೋಚನೆ ಇರುವುದರಿಂದ ಹುಡುಗ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಎ1 ಜರ್ಮನ್ ತರಗತಿಗೆ ಸೇರುತ್ತಾನೆ, ಯಾಕೆಂದರೆ ಅಲ್ಲಿಯ ಸಂಗಾತಿ ವೀಸಾಕ್ಕೆ ಸಾಮಾನ್ಯವಾಗಿ ಆ ಪರೀಕ್ಷೆ ಪಾಸಾಗಿರಬೇಕು. ತಾಯಿ ನೋಟಿಸಿನ ದಿನದಿಂದ ಬೆರಳೆಣಿಸಿ 30 ಕಳೆಯುತ್ತಾರೆ, ಸರ್ಕಾರಿ ರಜೆಗೆಂದು ಇನ್ನೊಂದು ವಾರ ಸೇರಿಸುತ್ತಾರೆ. ಮಾಘ ಕೈಬಿಟ್ಟು ಫಾಲ್ಗುಣದ ಪುಟಕ್ಕೆ ಹೋಗಿ, ಬೆಳಿಗ್ಗೆ ರಿಜಿಸ್ಟ್ರಾರ್ ಮುಂದೆ ಸಹಿ ಮುಗಿಸಿ ಮಧ್ಯಾಹ್ನದ ಲಗ್ನಕ್ಕೆ ಧಾರೆ ಎರೆಯಬಹುದಾದ ಒಂದು ವಾರದ ದಿನ ಹುಡುಕಿ, ಪೆನ್ಸಿಲಿನಿಂದ ಗುರುತು ಹಾಕುತ್ತಾರೆ.