ಮನ್ನಿಸುವುದೆಂದರೆ ಮನ್ನಣೆ ಕೊಡುವುದು

ಗದಗ ತಾಲೂಕಿನ ಹರ್ತಿಯ ಶ್ರೀ ಬಸವೇಶ್ವರನ ಸನ್ನಿಧಿಯಲ್ಲಿ ಭಕ್ತನು ‘ತಪ್ಪಾಯಿತು, ಮನ್ನಿಸು ತಂದೆ’ ಎಂದು ಬೇಡುತ್ತಾನೆ. ಹೊರಗೆ ಬಂದು, ಹೊಲದ ಬದುವಿಗಾಗಿ ಜಗಳವಾಡಿದ ದಾಯಾದಿಯನ್ನು ಕುರಿತು ‘ಹೋಗಲಿ, ಕ್ಷಮಿಸಿದ್ದೇನೆ’ ಎನ್ನುತ್ತಾನೆ. ಅವನ ಮನೆಯ ಹೊಸ್ತಿಲನ್ನು ಮಾತ್ರ ತುಳಿಯುವುದಿಲ್ಲ. ಇದು ಕ್ಷಮೆಯಲ್ಲ, ಅಹಂಕಾರದ ಇನ್ನೊಂದು ವೇಷ.

ಸಂಸ್ಕೃತದ ‘ಕ್ಷಮಾ’ ಎಂದರೆ ಸೈರಣೆ. ಎಲ್ಲವನ್ನೂ ಹೊರುವ ಭೂಮಿಗೂ ಅದೇ ಹೆಸರು. ಕನ್ನಡದ ‘ಮನ್ನಿಸು’ ಇನ್ನೂ ಒಂದು ಹೆಜ್ಜೆ ಮುಂದೆ. ತಪ್ಪನ್ನು ಬಿಟ್ಟುಕೊಡು ಎಂಬಂತೆ ಗೌರವಿಸು ಎಂಬುದೂ ಅದರ ಅರ್ಥವೇ. ‘ಮನ್ನಣೆ’ ಅದರ ಒಡಹುಟ್ಟು. ತಪ್ಪಿತಸ್ಥನನ್ನು ಕೆಳಗೆ ನಿಲ್ಲಿಸಿ ಕೊಡುವ ಕ್ಷಮೆ ಭಿಕ್ಷೆಯಾದೀತು, ಮನ್ನಣೆಯಾಗದು.

ಹಸುಗಳನ್ನು ಕದ್ದ ಕಳ್ಳರ ಬಳಿಗೆ, ತಾಯಿಗಾಗಿ ಹಂಬಲಿಸುತ್ತಿದ್ದ ಕರುಗಳನ್ನೂ ಬಸವಣ್ಣನವರು ಕಳುಹಿಸಿದರೆಂಬ ಐತಿಹ್ಯವುಂಟು. ಅಲ್ಲಿ ‘ಕ್ಷಮಿಸಿದೆ’ ಎಂಬ ಘೋಷಣೆಯಿಲ್ಲ. ಕರುಗಳ ಹಸಿವಿನ ಚಿಂತೆಯಷ್ಟೇ ಇದೆ.

ಹಾಗಾದರೆ ಅನ್ಯಾಯವನ್ನು ಸಹಿಸಿ ಸುಮ್ಮನಿರಬೇಕೆ? ಖಂಡಿತ ಅಲ್ಲ. ಬಿಟ್ಟುಕೊಡುವುದು ನೊಂದವನ ಇಚ್ಛೆ. ಅನ್ಯರು ಅದನ್ನು ಹೇರಲಾಗದು. ನೊಂದವನಿಗೆ ‘ಕ್ಷಮಿಸಿಬಿಡು’ ಎಂದು ಉಪದೇಶಿಸುವ ಹಿರಿಯರು, ನೋಯಿಸಿದವನಿಗೆ ‘ಕಸಿದದ್ದನ್ನು ಹಿಂದಿರುಗಿಸು’ ಎಂದು ಮೊದಲು ಹೇಳಲಿ.

ದೇವರಲ್ಲಿ ಮನ್ನಣೆ ಬೇಡುವ ಕೈ, ಬದುವಿನಾಚೆಯವನಿಗೂ ಮುಗಿಯಲಿ.