ಮೀನಖಂಡದ ನೋವು: ಎಣ್ಣೆ ತಿಕ್ಕುವ ಮೊದಲು

ಕಾಲು ನೋವೆಂದರೆ ಮನೆಯಲ್ಲಿ ಸಿಗುವ ಮೊದಲ ಚಿಕಿತ್ಸೆ ಬಿಸಿ ಎಣ್ಣೆ. ಮೀನಖಂಡಕ್ಕೆ ಎಣ್ಣೆ ಸವರಿ, ತಿಕ್ಕಿ, ಬಿಸಿನೀರು ಹುಯ್ದರೆ ಸಾಮಾನ್ಯ ನೋವು ಇಳಿಯುತ್ತದೆ. ಆದರೆ ಬಿಡದೆ ಕಾಡುವ ನೋವಿಗೆ, ಅದರಲ್ಲೂ ಒಂದೇ ಕಾಲು ಊದಿಕೊಂಡಿದ್ದಾಗ, ಇದೇ ಉಪಚಾರ ಅಪಾಯ ತರಬಹುದು. ಏಕೆ?

ಮೊಣಕಾಲಿನ ಹಿಂದೆ, ಕೆಳಗಡೆ ಉಬ್ಬಿರುವ ಭಾಗವೇ ಮೀನಖಂಡ. ಇಲ್ಲಿ ಎರಡು ಮುಖ್ಯ ಸ್ನಾಯುಗಳಿವೆ: ಮೇಲೆ ಗ್ಯಾಸ್ಟ್ರಾಕ್ನೀಮಿಯಸ್, ಅದರಡಿ ಸೋಲಿಯಸ್. ತುದಿಗಾಲಲ್ಲಿ ನಿಂತು ಮುಟ್ಟಿ ನೋಡಿದರೆ ಇವು ಗಟ್ಟಿಯಾಗುವುದು ತಿಳಿಯುತ್ತದೆ. ಆಗ ಒಳಗಿನ ಅಭಿಧಮನಿಗಳನ್ನು ಹಿಂಡಿದಂತಾಗಿ ರಕ್ತ ಹೃದಯದತ್ತ ಏರುತ್ತದೆ. ಮರಳಿ ಇಳಿಯದಂತೆ ಕವಾಟಗಳು ತಡೆಯುತ್ತವೆ. ಮೀನಖಂಡಕ್ಕೆ ‘ಎರಡನೆಯ ಹೃದಯ’ ಎಂಬ ಹೆಸರು ಬಂದದ್ದು ಹೀಗೆ. ಸ್ನಾಯು, ಅಭಿಧಮನಿ, ಅಪಧಮನಿ, ನರ ಎಲ್ಲವೂ ಇಲ್ಲಿ ಒತ್ತೊತ್ತಾಗಿವೆ. ನೋವಿನ ಮೂಲ ಯಾವುದೆಂಬ ಸುಳಿವು, ಅದು ಯಾವಾಗ ಬಂದು ಯಾವಾಗ ಹೋಗುತ್ತದೆ ಎಂಬುದರಲ್ಲಿದೆ.

ಕ್ರೀಡಾಕೂಟದಲ್ಲಿ ಓಡಿದ ಮರುದಿನ ಬರುವುದು ಸ್ನಾಯುವಿನ ನೋವು. ಸಾಮಾನ್ಯವಾಗಿ ವಾರದೊಳಗೆ ಮಾಯವಾಗುತ್ತದೆ. ಚಿಕ್ಕ ಮಕ್ಕಳಿಗೆ ರಾತ್ರಿ ಎರಡೂ ಕಾಲು ನೋಯ್ದು, ಬೆಳಿಗ್ಗೆ ಏನೂ ಇಲ್ಲದಂತೆ ಆಡಿದರೆ ಅದು ‘ಬೆಳವಣಿಗೆಯ ನೋವು’, ಹೆದರಬೇಕಿಲ್ಲ. ಆದರೆ ಯಾವಾಗಲೂ ಒಂದೇ ಕಾಲು ನೋಯುವುದು, ಬೆಳಿಗ್ಗೆ ಕುಂಟುವುದು, ಜ್ವರ, ತೂಕ ಇಳಿಯುವುದು ಕಂಡರೆ ಪೋಷಕರು ವೈದ್ಯರ ಬಳಿಗೆ ಕರೆದೊಯ್ಯಬೇಕು.

ಅಜ್ಜ ಪೇಟೆಗೆ ನಡೆಯುವಾಗ ಒಂದಷ್ಟು ದೂರಕ್ಕೆ ಮೀನಖಂಡ ಹಿಡಿದುಕೊಳ್ಳುತ್ತದೆ. ಸ್ವಲ್ಪ ನಿಂತರೆ ಬಿಡುತ್ತದೆ. ಮತ್ತೆ ಅಷ್ಟೇ ದೂರಕ್ಕೆ ಹಿಡಿಯುತ್ತದೆ. ಇದನ್ನು ‘ವಯಸ್ಸಾಯಿತು’ ಎಂದು ತಳ್ಳಿಹಾಕಬಾರದು. ಅಪಧಮನಿ ಕಿರಿದಾಗಿ, ನಡೆಯುವ ಸ್ನಾಯುವಿಗೆ ಬೇಕಾದಷ್ಟು ರಕ್ತ ಸಿಗದಿರಬಹುದು. ಬೀಡಿ, ಸಿಗರೇಟು, ಸಕ್ಕರೆ ಕಾಯಿಲೆ ಇದರ ದೊಡ್ಡ ಕಾರಣಗಳು. ಪಾದದ ಕೀಲಿನ ಬಳಿಯ ರಕ್ತದ ಒತ್ತಡವನ್ನು ತೋಳಿನ ಒತ್ತಡದಿಂದ ಭಾಗಿಸಿದಾಗ 0.9ಕ್ಕಿಂತ ಕಡಿಮೆ ಬಂದರೆ ವೈದ್ಯರು ಈ ರೋಗವೆಂದು ಶಂಕಿಸುತ್ತಾರೆ. ನೋವು ಸೊಂಟದಿಂದ ಕೆಳಗಿಳಿದು ಪಾದ ಜುಮುಗುಟ್ಟಿದರೆ ಮೂಲ ಬೆನ್ನುಮೂಳೆಯ ಬಳಿಯ ನರದಲ್ಲಿರಬಹುದು. ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಗಳಿಂದಲೂ ಕೆಲವರಿಗೆ ಸ್ನಾಯು ನೋಯುತ್ತದೆ. ಹಾಗೆಂದು ವೈದ್ಯರನ್ನು ಕೇಳದೆ ನಿಲ್ಲಿಸಬಾರದು.

ಎಲ್ಲಕ್ಕಿಂತ ತುರ್ತಿನದು, ಆಳದ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟುವುದು. ಶಸ್ತ್ರಚಿಕಿತ್ಸೆ, ಹೆರಿಗೆ, ಕಾಲಿಗೆ ಪ್ಲಾಸ್ಟರ್, ದೀರ್ಘ ಪ್ರಯಾಣದ ನಂತರ ಇದರ ಸಂಭವ ಹೆಚ್ಚು. ‘ಎರಡನೆಯ ಹೃದಯ’ ಕೆಲಸ ಮಾಡದೆ ರಕ್ತ ನಿಂತುಬಿಡುವುದು ಒಂದು ಕಾರಣ. ಒಂದೇ ಕಾಲು ಊದಿ, ಬೆಚ್ಚಗಾಗಿ, ಕೆಂಪಾಗಿ ನೋಯುತ್ತದೆ. ಹೆಪ್ಪಿನ ತುಣುಕು ಕಳಚಿ ಶ್ವಾಸಕೋಶ ಸೇರಿದರೆ ಪ್ರಾಣಕ್ಕೇ ಕುತ್ತು. ಇದನ್ನು 19ನೇ ಶತಮಾನದಲ್ಲೇ ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಚೋ ವಿವರಿಸಿದ್ದ. ತಿಕ್ಕಬಾರದೆನ್ನುವುದು ಇದಕ್ಕಾಗಿಯೇ: ತಿಕ್ಕಿದ ಒತ್ತಡಕ್ಕೆ ಹೆಪ್ಪು ಕಳಚಬಹುದು.

ಮೊಣಕಾಲ ಚಿಪ್ಪಿನ ಕೆಳಗೆ ಕೈಗೆ ಸಿಗುವ ಮೂಳೆಯ ಗಂಟಿನಿಂದ 10 ಸೆಂ.ಮೀ. ಕೆಳಗೆ ಎರಡೂ ಕಾಲುಗಳ ಸುತ್ತಳತೆಯನ್ನು ಟೇಪಿನಿಂದ ಅಳೆಯಬಹುದು. ವ್ಯತ್ಯಾಸ 3 ಸೆಂ.ಮೀ. ಮೀರಿದರೆ ಅದು ಮುಖ್ಯ ಎಚ್ಚರಿಕೆ. ಕಡಿಮೆಯಿದ್ದರೂ ಅನುಮಾನವಿದ್ದರೆ ಅಂದೇ ವೈದ್ಯರನ್ನು ಕಾಣಬೇಕು. ಡಾಪ್ಲರ್ ಸ್ಕ್ಯಾನ್ ಹೆಪ್ಪನ್ನು ತೋರಿಸಿಕೊಡುತ್ತದೆ. 1842ರಲ್ಲಿ ಕ್ರಿಶ್ಚಿಯನ್ ಡಾಪ್ಲರ್ ಪ್ರಕಟಿಸಿದ, ವಿದ್ಯಾರ್ಥಿಗಳು ಭೌತವಿಜ್ಞಾನದಲ್ಲಿ ಓದುವ ಪರಿಣಾಮವೇ ಈ ಪರೀಕ್ಷೆಗೆ ಆಧಾರ. ಹೆಪ್ಪುಗಟ್ಟುವುದನ್ನು ತಡೆಯುವ ಔಷಧಗಳೂ ಇವೆ.

ಕಾಲು ನೋವಿನ ಜೊತೆ ಉಸಿರು ಕಟ್ಟಿದರೆ, ಎದೆ ನೋಯ್ದರೆ ತಡಮಾಡದೆ 108ಕ್ಕೆ ಕರೆ ಮಾಡಬೇಕು. ಉಳಿದಂತೆ, ನೋವು ಎಂದು ಶುರುವಾಯಿತು, ಯಾವ ಕಾಲು, ಎಷ್ಟು ನಡೆದರೆ ಬರುತ್ತದೆ, ಯಾವ ಮಾತ್ರೆ ನುಂಗುತ್ತಿದ್ದಾರೆ ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡು ಹೋದರೆ ವೈದ್ಯರ ಅರ್ಧ ಕೆಲಸ ಹಗುರಾಗುತ್ತದೆ. ಮನೆಯಲ್ಲಿ ಆ ಚೀಟಿಯನ್ನು ಮಕ್ಕಳೇ ಬರೆದುಕೊಡಬಹುದು.