ಪಂಪನ ಕಾಲದ ಮರಗಳ ನಡುವೆ

ಹೊರದೇಶದಲ್ಲಿ ನೆಲೆಸಿರುವ ಮಗನನ್ನೋ ಮಗಳನ್ನೋ ನೋಡಿಬರಲು ಕಡಲು ದಾಟಿ ಹೋಗುವ ತಾಯ್ತಂದೆಗಳು ಈಗ ನಮ್ಮ ಕನ್ನಡ ಮನೆಗಳಲ್ಲಿ ಅಪರೂಪವಲ್ಲ. ಅಮೆರಿಕದ ಪಶ್ಚಿಮ ತೀರಕ್ಕೆ ಹೋದವರನ್ನು ಮಕ್ಕಳು ಒಂದು ದಿನವಾದರೂ ಕರೆದೊಯ್ದು ತೋರಿಸುವ ಸ್ಥಳವೊಂದುಂಟು. ಸಾನ್ ಫ್ರಾನ್ಸಿಸ್ಕೋ ನಗರಕ್ಕೆ ಉತ್ತರದಲ್ಲಿ, ಸುಮಾರು 12 ಮೈಲಿಯಾಚೆ, ಟ್ಯಾಮಲ್ಪಾಯಸ್ ಎಂಬ ಬೆಟ್ಟದ ಬುಡದಲ್ಲಿರುವ ಕಣಿವೆ ಅದು. ಹಿಂದೆ ಅದಕ್ಕೆ ರೆಡ್‌ವುಡ್ ಕ್ಯಾನಿಯನ್, ಎಂದರೆ ಕೆಂಪುಮರದ ಕಣಿವೆ, ಎಂದು ಹೆಸರಿತ್ತು. 1908ರಿಂದ ಅದು ಮ್ಯೂರ್ ವುಡ್ಸ್ ಎಂಬ ರಕ್ಷಿತ ವನ. ಹೋದವರಲ್ಲಿ ಅನೇಕರು ಬಾಗಿಲಲ್ಲಿ ನಿಂತು ಚಿತ್ರ ತೆಗೆಸಿಕೊಂಡು, ಕತ್ತು ನೋಯುವಷ್ಟು ಮೇಲೆ ನೋಡಿ, ಅರ್ಧ ಗಂಟೆಯೊಳಗೆ ಗಾಡಿಗೆ ಹಿಂದಿರುಗುತ್ತಾರೆ. ಅಷ್ಟು ದೂರ ಹೋದವರು ಇನ್ನೊಂದು ಗಂಟೆ ಅಲ್ಲಿ ನಡೆದಾಡಬಾರದೆ ಎಂಬುದೇ ಈ ತಿಂಗಳು ವಾಚಕರಲ್ಲಿ ನನ್ನ ಅರಿಕೆ.

ಮೊದಲು ಕಾಣತಕ್ಕದ್ದು ಬಾಗಿಲ ಬಳಿಯಲ್ಲೇ ಇಟ್ಟಿರುವ ಒಂದು ಮರದ ಅಡ್ಡಸೀಳು. 1930ರಲ್ಲಿ ಉರುಳಿಬಿದ್ದ ಮರವೊಂದರ ಬಿಲ್ಲೆ ಅದು. ವರ್ಷಕ್ಕೊಂದರಂತೆ ಬೆಳೆದ ಬಳೆಗಳನ್ನು ಎಣಿಸಿ, ಆ ಮರ ಮೊಳೆತದ್ದು ಕ್ರಿ.ಶ. 909ರಲ್ಲಿ ಎಂದು ಗೊತ್ತುಮಾಡಿದ್ದಾರೆ. ಅಲ್ಲಿ ಗುರುತು ಹಾಕಿರುವುದು ಹೆಚ್ಚಾಗಿ ಅವರವರ ದೇಶಗಳ ಚರಿತ್ರೆಯನ್ನು. ನಮ್ಮವರು ಮನಸ್ಸಿನಲ್ಲೇ ಬೇರೆ ಗುರುತುಗಳನ್ನು ಹಾಕಿಕೊಳ್ಳಬಹುದು. ಆದಿಕವಿ ಪಂಪ ಹುಟ್ಟಿದ್ದು 902ರಲ್ಲಿ. ಈ ಮರ ಅವನಿಗೆ ಏಳೇ ವರ್ಷ ಕಿರಿಯದು. ಅವನು ತನ್ನ ಭಾರತವನ್ನು ಮುಗಿಸಿದ 941ರಲ್ಲಿ ಇದಕ್ಕೆ 32 ವಯಸ್ಸು. ಶ್ರವಣಬೆಳಗೊಳದಲ್ಲಿ ಚಾವುಂಡರಾಯನು ಗೊಮ್ಮಟನನ್ನು ನಿಲ್ಲಿಸಿದಾಗ 72. ವಿಜಯನಗರ ಹುಟ್ಟುವ ವೇಳೆಗೆ ನಾಲ್ಕುನೂರು ದಾಟಿತ್ತು. ಹಂಪೆ ಹಾಳಾದ ಮೇಲೂ ಮೂರೂವರೆ ಶತಮಾನ ಅದು ತನ್ನ ಪಾಡಿಗೆ ಬೆಳೆಯುತ್ತಿತ್ತು. ಜೊತೆಯಲ್ಲಿ ಮೊಮ್ಮಕ್ಕಳಿದ್ದರೆ ಈ ಲೆಕ್ಕವನ್ನು ಅವರಿಂದಲೇ ಮಾಡಿಸಿ. ಪಾಠದ ಪುಸ್ತಕ ಕಲಿಸದ ಚರಿತ್ರೆ ಬೆರಳ ತುದಿಗೆ ಬರುವುದು.

ಒಳಗೆ ನಿಂತಿರುವ ಮರಗಳಲ್ಲಿ ಬಹುಪಾಲು 500ರಿಂದ 800 ವರ್ಷದವು. ಕೆಲವಕ್ಕೆ 1200 ವರ್ಷ. ಅತಿ ಎತ್ತರದ್ದು 258 ಅಡಿ. ನಮ್ಮ ಗೊಮ್ಮಟನಂಥ ನಾಲ್ಕು ಮೂರ್ತಿಗಳನ್ನು ಒಂದರ ಮೇಲೊಂದು ನಿಲ್ಲಿಸಿದರೂ ಅದರ ತುದಿ ಕೈಗೆ ಎಟುಕದು. ಇಂತಹ ವೃಕ್ಷದ ಬೀಜವಾದರೋ ಟೊಮೇಟೊ ಬೀಜದಷ್ಟೇ ಸಣ್ಣದು. ಬೇರು ಆಳಕ್ಕಿಳಿಯುವುದಿಲ್ಲ, ಹತ್ತು ಹನ್ನೆರಡು ಅಡಿಯಲ್ಲೇ ನಿಂತು ಸುತ್ತಲೂ ದೂರಕ್ಕೆ ಹರಡಿ, ನೆರೆಮರದ ಬೇರುಗಳೊಡನೆ ಹೆಣೆದುಕೊಳ್ಳುತ್ತದೆ. ಕಣಿವೆಯ ತಳದ ದಾರಿಯಲ್ಲಿ ಹಲಗೆ ಹಾಸಿರುವುದು ನಮ್ಮ ಕಾಲಿಗೆ ಸುಖವಾಗಲೆಂದಷ್ಟೇ ಅಲ್ಲ. ಲಕ್ಷಾಂತರ ಜನರ ತುಳಿತಕ್ಕೆ ಮಣ್ಣು ಗಟ್ಟಿಯಾದರೆ ಆ ಬೇರುಗಳು ಉಸಿರಾಡಲಾರವು. ಆದಕಾರಣ ಚಿತ್ರಕ್ಕಾಗಿ ಹಲಗೆಯಿಂದ ಕೆಳಗಿಳಿದು ಮರವನ್ನು ತಬ್ಬಿಕೊಳ್ಳುವ ಚಾಪಲ್ಯವನ್ನು ಬಿಡಬೇಕು.

ನಡೆಯುತ್ತಾ ಹೋದಂತೆ ಕೆಲವೆಡೆ ಐದಾರು ಮರಗಳು ದುಂಡಗೆ, ಕೈಕೈ ಹಿಡಿದಂತೆ ನಿಂತಿರುವುದು ಕಾಣುತ್ತದೆ. ಆ ವೃತ್ತದ ನಡುವೆ ಒಂದು ಕಾಲದಲ್ಲಿ ತಾಯಿಮರವಿತ್ತು. ಅದು ಸುಟ್ಟೋ ಬಿದ್ದೋ ಹೋದ ಮೇಲೆ ಬುಡದ ಗಂಟುಗಳಿಂದ ಚಿಗುರೊಡೆದು ಬಂದ ಸಂತಾನ ಇವು. ಬಾಳೆಯ ಬುಡದಲ್ಲಿ ಕಂದು ಬರುವುದನ್ನು ಕಂಡ ನಮ್ಮ ಹೆಂಗಸರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಬೇಸಗೆಯಲ್ಲಿ ಅಲ್ಲಿ ಮಳೆಯೇ ಇಲ್ಲ. ಆಗ ಕಡಲಿನಿಂದ ಬರುವ ಮಂಜೇ ಇವಕ್ಕೆ ಆಧಾರ. ಸೂಜಿಯಂತಹ ಎಲೆಗಳು ಮಂಜನ್ನು ಸೋಸಿ ಹನಿಹನಿಯಾಗಿ ನೆಲಕ್ಕೆ ಇಳಿಸುತ್ತವೆ. ಬಿಸಿಲಿನ ದಿನದಲ್ಲೂ ಯಾರೋ ಒದ್ದೆ ಸೀರೆ ಹಿಂಡಿದಂತೆ ತಲೆಯ ಮೇಲೆ ಹನಿ ಬೀಳುವುದು ಆ ಕಾರಣದಿಂದ.

ಹಾದಿಯ ಪಕ್ಕದಲ್ಲಿ ಹರಿಯುವ ತೊರೆಯ ಕಥೆ ಬೇರೆಯೇ ಉಂಟು. ಚಳಿಗಾಲದ ಮಳೆಗೆ ತೊರೆ ತುಂಬಿದಾಗ ಕೋಹೋ ಎಂಬ ಸಾಲ್ಮನ್ ಜಾತಿಯ ಮೀನುಗಳು ಸಮುದ್ರದಿಂದ ಮೇಲಕ್ಕೆ ಈಜಿ, ತಾವು ಹುಟ್ಟಿದ ನೀರಿಗೇ ಬಂದು, ಮೊಟ್ಟೆಯಿಟ್ಟು ಸಾಯುತ್ತವೆ. 1930ರ ದಶಕದಲ್ಲಿ ಕೆಲಸವಿಲ್ಲದ ತರುಣರಿಗೆ ಸರ್ಕಾರ ಕೆಲಸ ಕೊಟ್ಟಾಗ, ಅವರು ದಡ ಕುಸಿಯಬಾರದೆಂದು ತೊರೆಯ ಇಕ್ಕೆಲಗಳಲ್ಲಿ ಅಂದವಾಗಿ ಕಲ್ಲು ಕಟ್ಟಿದರು. ನೋಡಲು ಬಲು ಅಚ್ಚುಕಟ್ಟು. ಆದರೆ ಮರಿಗಳಿಗೆ ಬೇಕಾಗಿದ್ದುದು ನೀರು ನಿಧಾನವಾಗಿ ನಿಲ್ಲುವ ಮಡುಗಳು, ಅಡಗಲು ಬಿದ್ದ ಮರದ ಕೊರಡುಗಳು. ನೇರವಾದ ಕಾಲುವೆಯಲ್ಲಿ ನೆರೆ ಅವನ್ನು ಕೊಚ್ಚಿಕೊಂಡು ಹೋಗುವುದು. ಈಗ ಆ ಕೋಹೋ ಮೀನು ಅಳಿವಿನ ಅಂಚಿಗೆ ಬಂದಿದೆ. 2019ರಲ್ಲಿ ಕಲ್ಲುಗಳನ್ನು ಕೀಳಲು ತೊಡಗಿದರು. ಬಿದ್ದ ಕೊರಡನ್ನು ಬಿದ್ದಲ್ಲೇ ಬಿಡುತ್ತಾರೆ. ಗುಡಿಸಿ ಸಾರಿಸುವುದೇ ಸದ್ಗೃಹಿಣಿಯ ಲಕ್ಷಣವೆಂದು ನಂಬಿದ ನಮಗೆ ಆ ತೊರೆ ಮೊದಲು ಕಸದ ರಾಶಿಯಂತೆ ಕಾಣಬಹುದು. ತಾಳ್ಮೆಯಿಂದ ನೋಡಬೇಕು.

ಈ ಕಣಿವೆ ಉಳಿದದ್ದು ತಾನಾಗಿಯೇ ಅಲ್ಲ. ಕೋಸ್ಟ್ ಮೀವಾಕ್ ಎಂಬ ಮೂಲನಿವಾಸಿಗಳು ಸಾವಿರಾರು ವರ್ಷ ಬಾಳಿದ ಸೀಮೆ ಅದು. ಅವರು ನೆಲೆ ತಪ್ಪಿದ ಮೇಲೆ, ತೀರದುದ್ದಕ್ಕೂ ಇದ್ದ ಇಪ್ಪತ್ತು ಲಕ್ಷ ಎಕರೆಯ ಕೆಂಪುಮರದ ಕಾಡಿಗೆ ಕೊಡಲಿ ಬಿತ್ತು. ಇಂದು ಹಳೆಯ ಕಾಡು ನೂರಕ್ಕೆ ಐದು ಪಾಲು ಮಾತ್ರ ಉಳಿದಿದೆ. ಇಳಿಜಾರು ಕಡಿದಾಗಿದ್ದುದರಿಂದ ಈ ಕಣಿವೆ ಹೇಗೋ ತಪ್ಪಿಸಿಕೊಂಡಿತ್ತು. ಅದನ್ನು ಕಾಪಾಡಬೇಕೆಂದು 1904ರಲ್ಲಿ ಮೊದಲು ದನಿಯೆತ್ತಿದವರು ಕ್ಯಾಲಿಫೋರ್ನಿಯಾ ಕ್ಲಬ್ ಎಂಬ ಸ್ತ್ರೀಸಮಾಜದವರು. ಆ ರಾಜ್ಯದ ಹೆಂಗಸರಿಗೆ ಆಗ ಮತಾಧಿಕಾರವೂ ಇರಲಿಲ್ಲ. ಅದು ದೊರೆತದ್ದು 1911ರಲ್ಲಿ. ಮರುವರ್ಷ, 1905ರಲ್ಲಿ, ವಿಲಿಯಂ ಕೆಂಟ್ ಮತ್ತು ಆತನ ಪತ್ನಿ ಎಲಿಜಬೆತ್ 45,000 ಡಾಲರು ಕೊಟ್ಟು 611 ಎಕರೆ ಕೊಂಡರು. ಸುಮಾರು ಎರಡು ವರ್ಷ ಕಳೆದ ಮೇಲೆ ನೀರಿನ ಕಂಪನಿಯೊಂದು ಕಣಿವೆಗೆ ಕಟ್ಟೆ ಹಾಕಿ ಮುಳುಗಿಸುವ ಉದ್ದೇಶದಿಂದ, ನೆಲವನ್ನು ಬಲಾತ್ಕಾರವಾಗಿ ವಶಪಡಿಸಿಕೊಡಿರೆಂದು ನ್ಯಾಯಾಲಯವನ್ನು ಹೊಕ್ಕಿತು. ಕೆಂಟನು ಜಗಳಕ್ಕೆ ನಿಲ್ಲದೆ ಚಮತ್ಕಾರವಾದ ಉಪಾಯ ಹೂಡಿದನು: ಮರಗಳು ನಿಂತ 295 ಎಕರೆಯನ್ನು ರಾಷ್ಟ್ರ ಸರ್ಕಾರಕ್ಕೇ ದಾನ ಮಾಡಿಬಿಟ್ಟನು. 1908ರ ಜನವರಿ 9ರಂದು ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಅದನ್ನು ರಾಷ್ಟ್ರೀಯ ಸ್ಮಾರಕವೆಂದು ಸಾರಿದರು. ಸರ್ಕಾರದ ಸೊತ್ತಿನ ಮೇಲೆ ಕಂಪನಿಯ ಆಟ ನಡೆಯುವಂತಿರಲಿಲ್ಲ. ವನಕ್ಕೆ ತನ್ನ ಹೆಸರು ಬೇಡವೆಂದು ಹೇಳಿ, ಪ್ರಕೃತಿಪ್ರೇಮಿ ಜಾನ್ ಮ್ಯೂರನ ಹೆಸರಿಡಿಸಿದನು.

ಇಷ್ಟನ್ನೇ ಹೇಳಿ ಕೆಂಟನಿಗೆ ಕೈಮುಗಿದುಬಿಡುವುದು ಸುಲಭ. ಆದರೆ ಅದೇ ಮನುಷ್ಯ ರಾಜಕಾರಣದಲ್ಲಿ, ಏಷ್ಯಾದ ಜನ ಕ್ಯಾಲಿಫೋರ್ನಿಯಾದಲ್ಲಿ ನೆಲೆಸುವುದನ್ನೂ ಭೂಮಿ ಕೊಳ್ಳುವುದನ್ನೂ ವಿರೋಧಿಸಿದವನು. 1917ರ ಕಾನೂನು ಹಿಂದೂದೇಶದವರ ವಲಸೆಗೆ ಆ ರಾಷ್ಟ್ರದ ಬಾಗಿಲನ್ನೇ ಮುಚ್ಚಿತು. 1946ರಲ್ಲಿ ತೆರೆದಾಗಲೂ ವರ್ಷಕ್ಕೆ ನೂರು ಜನರಿಗೆ ಮಾತ್ರ. ಇಂದು ಮೈಸೂರಿನ ಅಜ್ಜಿ ಮೊಮ್ಮಗಳ ಕೈಹಿಡಿದು ಆ ಹಲಗೆಯ ಮೇಲೆ ನಡೆಯುವುದನ್ನು ಕಂಡರೆ ಆತ ಏನೆನ್ನುತ್ತಿದ್ದನೋ! ಮರಗಳ ಮೇಲಿದ್ದ ಔದಾರ್ಯ ಮನುಷ್ಯರ ಮೇಲೆ ಇರಲಿಲ್ಲ. ಅವನ ದಾನವನ್ನು ಸಂತೋಷವಾಗಿ ಅನುಭವಿಸೋಣ. ಅವನ ತಪ್ಪನ್ನು ಮಕ್ಕಳಿಗೆ ಮರೆಮಾಚುವುದು ಬೇಡ.

ಒಳಗಡೆ ಕ್ಯಾಥೀಡ್ರಲ್ ಗ್ರೋವ್ ಎಂಬ ತೋಪಿದೆ. ಅಲ್ಲಿ ಗಟ್ಟಿಯಾಗಿ ಮಾತನಾಡಬಾರದೆಂದು ಫಲಕವುಂಟು. 1945ರ ಮೇ 19ರಂದು, ವಿಶ್ವಸಂಸ್ಥೆಯನ್ನು ಕಟ್ಟಲು ಸಾನ್ ಫ್ರಾನ್ಸಿಸ್ಕೋದಲ್ಲಿ ನೆರೆದಿದ್ದ ಪ್ರತಿನಿಧಿಗಳು, ಹಿಂದಿನ ತಿಂಗಳು ತೀರಿಕೊಂಡಿದ್ದ ಫ್ರಾಂಕ್ಲಿನ್ ರೂಸ್‌ವೆಲ್ಟರ ನೆನಪಿಗಾಗಿ ಈ ಮರಗಳಡಿಯಲ್ಲಿ ಸೇರಿದ್ದರು. ಆ ಸಮ್ಮೇಳನದಲ್ಲಿ ನಮ್ಮ ದೇಶದ ನಿಯೋಗದ ಮುಖಂಡರಾಗಿದ್ದ ಸರ್ ಎ. ರಾಮಸ್ವಾಮಿ ಮೊದಲಿಯಾರರು ಮರುವರ್ಷ ಮೈಸೂರಿನ ದಿವಾನರಾಗಿ ಬಂದರು.

ಇನ್ನು ನಡಿಗೆಯ ವಿಷಯ. ತೊರೆಗೆ ನಾಲ್ಕು ಸೇತುವೆಗಳಿವೆ. ವೃದ್ಧರು ಎರಡನೆಯದರಲ್ಲಿ ತಿರುಗಿದರೆ ಅರ್ಧ ಗಂಟೆ, ಮೂರನೆಯದರಲ್ಲಿ ತಿರುಗಿದರೆ ಒಂದು ಗಂಟೆ, ದಾರಿ ಸಮತಟ್ಟು. ಕಾಲು ಗಟ್ಟಿಯಿದ್ದವರು ನಾಲ್ಕನೆಯದನ್ನು ದಾಟಿ ಹಿಲ್‌ಸೈಡ್ ಟ್ರೇಲ್ ಎಂಬ ಗುಡ್ಡದ ಹಾದಿಯಲ್ಲಿ ಮರಳಬಹುದು. ಒಟ್ಟು ಎರಡು ಮೈಲಿ, ಒಂದೂವರೆ ಗಂಟೆ. ಮಣ್ಣಿನ ದಾರಿಯಾದ್ದರಿಂದ ಚಪ್ಪಲಿ ಸಾಲದು. ಮೇಲಿನಿಂದ ನೋಡಿದಾಗಲೇ ಮರಗಳ ನಡುಮೈ ಕಣ್ಣಿಗೆ ಬೀಳುವುದು. ನನ್ನ ಎಣಿಕೆಯಲ್ಲಿ ಅದೇ ಸೊಗಸಾದ ನೋಟ. ಚಿತ್ರಾನ್ನದ ಡಬ್ಬಿಯನ್ನು ಮರದಡಿ ಬಿಚ್ಚುವಂತಿಲ್ಲ. ಚೆಲ್ಲಿದ ಅಗುಳಿಗೆ ಕಾಗೆಯ ಜಾತಿಯ ಹಕ್ಕಿಗಳು ಬಂದು, ಬೇರೆ ಹಕ್ಕಿಗಳ ಗೂಡಿಗೂ ಕೈಹಾಕುತ್ತವೆ. ಊಟವನ್ನು ಮುಗಿಸಿಕೊಂಡೇ ಹೊರಡಿ. ಬೇಸಗೆಯೆಂದು ಶಾಲು ಬಿಟ್ಟುಹೋದರೆ ನಡುಗಬೇಕಾಗುವುದು. ಗಾಡಿ ನಿಲ್ಲಿಸುವ ಸ್ಥಳವನ್ನು 2018ರಿಂದ ಮುಂಗಡವಾಗಿ ಗೊತ್ತುಮಾಡಿಕೊಳ್ಳಬೇಕು. ಕಣಿವೆಯಲ್ಲಿ ಮೊಬೈಲು ಕೆಲಸ ಮಾಡದು. ಆ ಚೀಟಿಯನ್ನು ಮನೆಯಲ್ಲೇ ಅಚ್ಚು ಹಾಕಿಸಿಕೊಂಡು ಹೊರಡುವಂತೆ ಮಕ್ಕಳಿಗೆ ಹೇಳಿ.